ಬೀಜಕ್ಕಿಟ್ಟ ಜೋಳ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟರೆ ಕುಂದಗೋಳ, ಸಂಶಿ, ಗುಡಗೇರಿ ದಾಟಿದ ಮೇಲೆ ಯಲವಿಗಿ ಬರುತ್ತದೆ. ರೈಲಿನಲ್ಲಿ ಬಂದ ಸವಣೂರಿನವರು ಇಳಿಯುವುದು ಇಲ್ಲಿಯೇ. ಗಾಡಿ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ತುದಿಯ ಹಳದಿ ಹಲಗೆ ಕಣ್ಣಿಗೆ ಬೀಳುತ್ತದೆ. ಹಳದಿಯ ಮೇಲೆ ಕಪ್ಪು ಅಕ್ಷರ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಲಿಪಿಗಳಲ್ಲಿ ಊರ ಹೆಸರು. ಓದಿಕೊಂಡವರು ಮೇಲಿಟ್ಟ ಚೀಲ ಇಳಿಸುತ್ತಾರೆ, ನಿದ್ದೆ ಹೋದ ಮಕ್ಕಳನ್ನು ಎಬ್ಬಿಸುತ್ತಾರೆ. ಹಲಗೆಯ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಆ ಹಲಗೆ ತಾನಾಗಿಯೇ ಹಾಗಾದದ್ದಲ್ಲ. ಓಡುವ ಗಾಡಿಯಿಂದಲೂ ಮುಸ್ಸಂಜೆಯ ಬೆಳಕಿನಲ್ಲೂ ಓದಲು ಬರಬೇಕಾದರೆ ಯಾವ ಬಣ್ಣದ ಮೇಲೆ ಯಾವ ಬಣ್ಣ ಇರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು, ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂದು ಯಾರೋ ಕುಳಿತು ಯೋಚಿಸಿದ್ದಾರೆ. ಹೀಗೆ ಯೋಚಿಸಿ ಮಾಡುವುದಕ್ಕೇ ವಿನ್ಯಾಸ ಎಂದು ಹೆಸರು. ಅದನ್ನು ಕಸುಬು ಮಾಡಿಕೊಂಡವರು ಡಿಸೈನರ್. ಯಾವ ಕಚೇರಿಯ ಸಂಬಳಕ್ಕೂ ಸೇರದೆ, ಬಂದ ಕೆಲಸವನ್ನು ತಮ್ಮ ಮನೆಯಲ್ಲೇ ಮಾಡಿಕೊಟ್ಟು ಬದುಕುವವರು ಸ್ವತಂತ್ರ ಡಿಸೈನರ್.

ಇಂಥವರು ಬೆಂಗಳೂರಿನಲ್ಲಿ ಮಾತ್ರ ಇರುತ್ತಾರೆ ಎಂದು ತಿಳಿಯಬೇಕಾಗಿಲ್ಲ. ಕಂಪ್ಯೂಟರ್ ಮತ್ತು ಮೊಬೈಲ್ ಬಂದ ಮೇಲೆ ಪ್ರತಿ ತಾಲೂಕಿನಲ್ಲೂ ನಾಲ್ಕಾರು ಜನ ಈ ಕೆಲಸ ಹಿಡಿದಿದ್ದಾರೆ. ಯಲವಿಗಿಯ ಒಂದು ರೈತರ ಮನೆಯಲ್ಲಿ ಹೀಗೆ ಕೆಲಸ ಮಾಡುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ. ಅವಳ ದಿನ ಹೇಗಿರುತ್ತದೆ, ಅವಳ ತಂದೆತಾಯಿಯ ಚಿಂತೆ ಏನಿರುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಗಿರಾಕಿಯ ಕೆಲಸ

ಬೆಳಿಗ್ಗೆ ಎದ್ದು ಅವಳು ಮೊದಲು ನೋಡುವುದು ನಿನ್ನೆ ಕಳಿಸಿದ ಲಗ್ನಪತ್ರಿಕೆಗೆ ಬಂದ ತಿದ್ದುಪಡಿಗಳನ್ನು. "ಅಕ್ಕಾರ, ನಮ್ಮ ಸೋದರಮಾವನ ಹೆಸರು ಬಿಟ್ಟೈತ್ರಿ" ಎಂದು ಒಬ್ಬರು. "ಅಕ್ಷರ ಸ್ವಲ್ಪ ದೊಡ್ಡದ ಮಾಡ್ರಿ, ಮುದುಕರಿಗೆ ಕಾಣಂಗಿಲ್ಲ" ಎಂದು ಇನ್ನೊಬ್ಬರು. ಹೆಸರು ಹೆಚ್ಚಾಗಬೇಕು, ಅಕ್ಷರವೂ ದೊಡ್ಡದಾಗಬೇಕು, ಕಾರ್ಡು ಮಾತ್ರ ಅಷ್ಟೇ ಇರಬೇಕು! ಇದನ್ನು ಸಾಧಿಸುವುದರಲ್ಲೇ ಅರ್ಧ ವಿದ್ಯೆ ಅಡಗಿದೆ. ಮುಹೂರ್ತದ ವೇಳೆ ಒಂದು ಅಂಕಿ ತಪ್ಪಿದರೆ ಇಡೀ ಕಟ್ಟು ಮರುಮುದ್ರಣ. ಆದ್ದರಿಂದ ಅಚ್ಚಿಗೆ ಹೋಗುವ ಮುನ್ನ ಮನೆಯ ಹಿರಿಯರಿಂದ ಓದಿಸಿ, ಒಪ್ಪಿಗೆ ಪಡೆದು ಇಟ್ಟುಕೊಳ್ಳುವುದು ಅವಳು ಕಲಿತ ಮೊದಲ ಪಾಠ.

ಆಮೇಲೆ ಖಾರದ ಪುಡಿಯ ಪೊಟ್ಟಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಹೆಸರು ಹೇಳಿ ಮಾರುವ ಸಣ್ಣ ಸಣ್ಣ ಉದ್ಯೋಗಿಗಳು, ಮಹಿಳಾ ಸಂಘದವರು ಈ ಜಿಲ್ಲೆಯಲ್ಲಿ ಅನೇಕರಿದ್ದಾರೆ. ಪೊಟ್ಟಣದ ಮೇಲೆ ಕೆಂಪು ಮೆಣಸಿನಕಾಯಿಯ ಚಿತ್ರ ಹಾಕಿದರೆ ಆಯಿತು ಎಂದು ಗಿರಾಕಿ ತಿಳಿದಿರುತ್ತಾರೆ. ಕಾನೂನು ಹಾಗೆ ಬಿಡುವುದಿಲ್ಲ. ತಯಾರಿಸಿದವರ ಹೆಸರು ಮತ್ತು ವಿಳಾಸ, ಒಳಗಿನ ವಸ್ತುವಿನ ಹೆಸರು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಿಂಗಳು ಮತ್ತು ವರ್ಷ, ದೂರಿಗಾಗಿ ಸಂಪರ್ಕ, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ, ಸಸ್ಯಾಹಾರಕ್ಕೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಇವೆಲ್ಲ ಅಂಗೈಯಗಲದ ಪೊಟ್ಟಣದ ಮೇಲೆ ಬರಬೇಕು. ಅಂದವೂ ಕೆಡಬಾರದು. ಚಿತ್ರ ಬರೆಯಲು ಬಂದರೆ ಸಾಲದು, ಕಾಯಿದೆ ಓದಲೂ ಬರಬೇಕು.

ಮಧ್ಯಾಹ್ನ ಅಕ್ಷರದ ತಂಟೆ. ಹುಬ್ಬಳ್ಳಿಯ ಮುದ್ರಣಾಲಯಕ್ಕೆ ಹೋದ ಕರಪತ್ರ ಅಲ್ಲಿಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿ ಮಾಡಿದಂಥವು. ಅದೇ ಅಕ್ಷರ ಆ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡ ಕಾಣುವುದಿಲ್ಲ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಅದರದ್ದೇ ಸ್ಥಾನ ಸಿಕ್ಕಿದ್ದರೂ ಅಚ್ಚಿನ ಮನೆಗಳಲ್ಲಿ ಹಳೆಯ ಪದ್ಧತಿ ಪೂರ್ತಿ ಹೋಗಿಲ್ಲ. ಎರಡನ್ನೂ ಬಲ್ಲವರೇ ಅಲ್ಲಿ ಉಳಿಯುತ್ತಾರೆ.

ಹೀಗೆ ದಿನ ಕಳೆಯುತ್ತದೆ. ಮದುವೆಯ ತಿಂಗಳಲ್ಲಿ, ಜಾತ್ರೆಯ ಕಾಲದಲ್ಲಿ, ಚುನಾವಣೆ ಬಂದಾಗ ಊಟಕ್ಕೂ ಬಿಡುವಿಲ್ಲ. ಆಷಾಢದಲ್ಲಿ ಫೋನು ಗಪ್‌ಚಿಪ್.

ತಂದೆಯ ಪ್ರಶ್ನೆ

ಚಿಂತೆ ಹುಟ್ಟುವುದು ಇಲ್ಲಿಯೇ. ಮಗಳು ಹಗಲೆಲ್ಲ ದುಡಿಯುವುದು ತಂದೆಗೆ ಕಾಣುತ್ತದೆ. ರಾತ್ರಿ ಊಟವಾದ ಮೇಲೂ ಅವಳ ಕೋಣೆಯಲ್ಲಿ ದೀಪ ಉರಿಯುವುದೂ ಕಾಣುತ್ತದೆ. ಒಂದು ದಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ:

"ಇಷ್ಟೊತ್ತಿನ ಮಟ ಏನ್ ಮಾಡಾಕತ್ತೀಯವ್ವಾ? ಯಾರ ಕೆಲಸ ಅದು?"

"ಯಾರದೂ ಅಲ್ಲಪ್ಪಾ. ನಂದ."

"ರೊಕ್ಕ ಬರತೈತೇನು?"

"ಇಲ್ಲಪ್ಪಾ."

ತಂದೆ ಮುಂದೆ ಮಾತಾಡುವುದಿಲ್ಲ. ಆದರೆ ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ: ದುಡ್ಡು ಬರುವ ಕೆಲಸವೇ ತಿಂಗಳಿಂದ ತಿಂಗಳಿಗೆ ನೆಚ್ಚಿಕೆಯದಲ್ಲ, ಅಂಥದ್ದರಲ್ಲಿ ದುಡ್ಡು ಬಾರದ ಕೆಲಸಕ್ಕೆ ಕಣ್ಣು ಕಳೆದುಕೊಳ್ಳುವುದು ಯಾವ ಬುದ್ಧಿ? ಇದಕ್ಕಿಂತ ಯಾವುದಾದರೂ ಪರೀಕ್ಷೆ ಬರೆದು ನೌಕರಿ ಸೇರಬಾರದೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸ್ವತಂತ್ರ ಕೆಲಸದಲ್ಲಿ ಒಂದನೇ ತಾರೀಖಿಗೆ ಸಂಬಳ ಇಲ್ಲ, ರಜೆಯ ದಿನದ ಕೂಲಿ ಇಲ್ಲ, ಪಿಂಚಣಿಯಂತೂ ಇಲ್ಲವೇ ಇಲ್ಲ. ಗಿರಾಕಿ "ನಾಳೆ ಕೊಡ್ತೀನಿ" ಎಂದರೆ ನಾಳೆ ಎಂದು ಬರುವುದೋ ತಿಳಿಯದು. ಇದಕ್ಕೆ ಪರಿಹಾರ ಜಾಣತನದಲ್ಲಿಲ್ಲ, ಶಿಸ್ತಿನಲ್ಲಿದೆ. ಕೆಲಸ ಹಿಡಿಯುವಾಗಲೇ ಅರ್ಧ ಮುಂಗಡ. ಎಷ್ಟು ಸಲ ತಿದ್ದಿಕೊಡಲಾಗುವುದು ಎಂಬ ಮಾತು ಮೊದಲೇ ಖಚಿತ. ಬಂದದ್ದು, ಬರಬೇಕಾದದ್ದು ಎರಡಕ್ಕೂ ಲೆಕ್ಕದ ವಹಿ. ಸುಗ್ಗಿಯ ತಿಂಗಳ ಗಳಿಕೆಯಲ್ಲಿ ಆಷಾಢಕ್ಕೆ ಒಂದು ಪಾಲು. ಇಷ್ಟನ್ನು ಪಾಲಿಸದವರ ಕೈಯಲ್ಲಿ ಎಂಥ ಕಲೆ ಇದ್ದರೂ ಮನೆ ನಡೆಯುವುದು ಕಷ್ಟ.

ಕೆಲಸದ ಬೆಲೆ ಎಷ್ಟು ಎಂಬುದೂ ಸುಲಭದ ಲೆಕ್ಕವಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ ಗ್ರಾಫಿಕ್ ವಿನ್ಯಾಸ ಕಲಿಯುತ್ತಿದ್ದಳು. ಅಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಫಿಲ್ ನೈಟ್ ತನ್ನ ಬೂಟಿನ ವ್ಯಾಪಾರಕ್ಕೆ ಗಂಟೆಗೆ 2 ಡಾಲರಿನಂತೆ ಅವಳಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದ. 1971ರಲ್ಲಿ ಅವಳು ಬರೆದುಕೊಟ್ಟ ಒಂದು ಗುರುತಿಗೆ ಕಳಿಸಿದ ಬಿಲ್ಲು 35 ಡಾಲರು. ಅದೇ ಇಂದು ಲೋಕವೆಲ್ಲ ಬಲ್ಲ ನೈಕಿ ಕಂಪನಿಯ ಬಾಗಿದ ಗೆರೆ. 1983ರಲ್ಲಿ ಕಂಪನಿ ಅವಳನ್ನು ಕರೆದು ಆ ಗುರುತಿನ ಉಂಗುರವನ್ನೂ ಕಂಪನಿಯ ಷೇರುಗಳನ್ನೂ ಕೊಟ್ಟಿತು. ಎಲ್ಲರಿಗೂ ಹೀಗೆ ಕರೆದು ಕೊಡುವವರು ಸಿಗುವುದಿಲ್ಲ. ಗಿರಾಕಿಗೆ ಮಾಡಿಕೊಟ್ಟ ಕೆಲಸ ಸಾಮಾನ್ಯವಾಗಿ ಗಿರಾಕಿಯದಾಗಿ ಹೋಗುತ್ತದೆ. ಮಾಡಿದವರ ಕೈಯಲ್ಲಿ ಉಳಿಯುವುದು ಬಿಲ್ಲಿನ ಮೊತ್ತ ಮಾತ್ರ.

ಹಾಗಾದರೆ ಅವಳದೇ ಎಂದು ಉಳಿಯುವುದು ಯಾವುದು? ರಾತ್ರಿಯ ಆ ಒಂದು ಗಂಟೆಯಲ್ಲಿ ಮಾಡಿದ್ದು.

ರಾತ್ರಿಯ ಗಂಟೆ

ಅವಳು ಏನು ಮಾಡುತ್ತಾಳೆ? ದೊಡ್ಡದೇನೂ ಅಲ್ಲ. ಅಜ್ಜಿಯ ಇಳಕಲ್ ಸೀರೆಯ ಮೇಲಿನ ಕಸೂತಿಯನ್ನು ಚೌಕಳಿ ಹಾಳೆಯ ಮೇಲೆ ಇಳಿಸುತ್ತಿದ್ದಾಳೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿ ಇಲ್ಲ. ಎಳೆ ಎಣಿಸಿ ಹಾಕುವುದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲೇ ಗೋಪುರ, ತೇರು, ಆನೆ, ತುಳಸಿ ವೃಂದಾವನ ಎಲ್ಲವೂ ಮೂಡಬೇಕು. ಎಷ್ಟು ಎಳೆಗೆ ಆನೆಯ ಸೊಂಡಿಲು ತಿರುಗಬೇಕು ಎಂಬುದು ಅಜ್ಜಿಯ ಬೆರಳಿಗೆ ಗೊತ್ತು, ಯಾವ ಪುಸ್ತಕದಲ್ಲೂ ಬರೆದಿಲ್ಲ. ಮೊಮ್ಮಗಳು ಅದನ್ನು ಚೌಕ ಚೌಕವಾಗಿ ಬರೆದಿಡುತ್ತಿದ್ದಾಳೆ.

ಇದು ಬರಿಯ ಹಳೆಯ ಕಾಲದ ಮೋಹವಲ್ಲ. 1984ರಲ್ಲಿ ಬಂದ ಮ್ಯಾಕಿಂತೋಷ್ ಕಂಪ್ಯೂಟರಿನ ತೆರೆಯ ಮೇಲಿನ ಪುಟ್ಟ ಚಿತ್ರಗಳನ್ನು ಬರೆದವರು ಸೂಸನ್ ಕೇರ್. ಅವರು ಮೊದಲು ಮಾಡಿದ್ದು ಚೌಕಳಿ ಹಾಳೆಯ ಒಂದು ನೋಟುಬುಕ್ಕು ಕೊಂಡದ್ದು. ಅಡ್ಡಕ್ಕೆ 32, ಉದ್ದಕ್ಕೆ 32 ಚೌಕ. ಅಷ್ಟರೊಳಗೇ ಕಾಗದ, ಕಸದ ಡಬ್ಬಿ, ನಗುವ ಕಂಪ್ಯೂಟರು ಎಲ್ಲವೂ ಕಾಣಬೇಕು. ಎಳೆ ಎಣಿಸಿ ಆನೆ ಮಾಡುವುದಕ್ಕೂ ಚೌಕ ಎಣಿಸಿ ಚಿತ್ರ ಮಾಡುವುದಕ್ಕೂ ಬೇಕಾದ ಬುದ್ಧಿ ಒಂದೇ. ಯಲವಿಗಿಯ ಅಜ್ಜಿಗೆ ಕಂಪ್ಯೂಟರ್ ಗೊತ್ತಿಲ್ಲದಿರಬಹುದು, ಅದರ ಲೆಕ್ಕ ಗೊತ್ತಿದೆ.

ಕಸೂತಿ ಮುಗಿದ ಮೇಲೆ ಅವಳ ಎರಡನೆಯ ಕೆಲಸ ಅಕ್ಷರ ಸಂಗ್ರಹ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಗಿರಾಕಿಯ ಕೆಲಸದ ಮೇಲೆ ಹೋದಾಗಲೆಲ್ಲ ಪೇಂಟರುಗಳು ಕುಂಚದಿಂದ ಬರೆದ ಹಳೆಯ ಅಂಗಡಿ ಫಲಕಗಳ ಚಿತ್ರ ತೆಗೆದುಕೊಂಡು ಬರುತ್ತಾಳೆ. ಯಲವಿಗಿ ಎಂಬ ಹೆಸರಿನಲ್ಲಿ ನಾಲ್ಕು ಅಕ್ಷರ, ಒಂದೂ ಒತ್ತಕ್ಷರವಿಲ್ಲ. ಹಲಗೆಯ ಮೇಲೆ ಸಲೀಸಾಗಿ ಕೂರುತ್ತದೆ. ಶಿಗ್ಗಾಂವಿಯಲ್ಲಿ ಗಕಾರದ ಕೆಳಗೆ ಇನ್ನೊಂದು ಗಕಾರ ತೂಗಬೇಕು, ಹಾನಗಲ್ಲದಲ್ಲಿ ಲಕಾರದ ಒತ್ತು. ಕೆಳಗೆ ಜಾಗ ಬಿಡದೆ ಬರೆದರೆ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಪೇಂಟರ್ ಅದನ್ನು ಬಲಕ್ಕೆ ಸ್ವಲ್ಪ ಎಳೆದು, ಸಣ್ಣದು ಮಾಡಿ, ಬಳ್ಳಿಯಂತೆ ತಿರುಗಿಸಿ ಪಾರಾಗಿರುತ್ತಾನೆ. ಆ ಉಪಾಯ ಈಗಿನ ಫ್ಲೆಕ್ಸ್ ಬ್ಯಾನರಿನಲ್ಲಿ ಕಾಣುವುದು ಅಪರೂಪ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. ಆದರೂ ಕುಂಚದವರಿಗೆ ಹಳೆಯ ದಿನಗಳು ಮರಳಿ ಬರಲಿಲ್ಲ.

ಇದೇ ಕೆಲಸವನ್ನು ದೊಡ್ಡದಾಗಿ ಮಾಡಿದವರು ಹನೀಫ್ ಕುರೇಶಿ. ಗುಜರಾತಿನಲ್ಲಿ ಹುಟ್ಟಿ ದೆಹಲಿಯಲ್ಲಿ ಜಾಹೀರಾತು ಸಂಸ್ಥೆಯಲ್ಲಿ ದುಡಿಯುತ್ತಿದ್ದ ಅವರು ಬೀದಿಯ ಪೇಂಟರುಗಳ ಅಕ್ಷರ ಬರೆಸಿಕೊಂಡು ಕಂಪ್ಯೂಟರಿಗೆ ತಂದರು. ಆ ಅಕ್ಷರಗಳಿಗೆ ಬರೆದ ಪೇಂಟರನ ಹೆಸರನ್ನೇ ಇಟ್ಟರು, ಮಾರಿ ಬಂದ ಹಣದಲ್ಲಿ ಅವರಿಗೂ ಪಾಲು ಇಟ್ಟರು. 2024ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅವರು ತೀರಿಕೊಂಡರೂ ಅಕ್ಷರಗಳು ಉಳಿದಿವೆ.

ಕನ್ನಡ ಉಣ್ಣುತ್ತಿರುವ ಋಣ

ಯಾರೂ ಕೇಳದೆ, ಯಾರೂ ಬಿಲ್ಲು ಕೊಡದೆ ಮಾಡಿದ ಕೆಲಸದ ಫಲವನ್ನು ಕನ್ನಡಿಗರೆಲ್ಲ ದಿನವೂ ಉಣ್ಣುತ್ತಿದ್ದಾರೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಇಂಗ್ಲಿಷಿನ ಕೀಲಿಮಣೆಯ ಮೇಲೆಯೇ ಕನ್ನಡದ ಅಷ್ಟೂ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಕೂರಿಸಿದರು. ಕಕಾರಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು, ಒತ್ತಕ್ಷರ ಬೆಸೆಯಲು ಒಂದು ಕೊಂಡಿ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು, ಇಲ್ಲಿ ಮಾತಾಡಿದಂತೆ ಒತ್ತಿದರೆ ಸಾಕು. ಇಂಥ ಕೀಲಿಮಣೆಯನ್ನು ಅವರು ಬಚ್ಚಿಟ್ಟುಕೊಳ್ಳಲಿಲ್ಲ, ನಾಡಿಗೆ ಬಿಟ್ಟುಕೊಟ್ಟರು. ನುಡಿ ತಂತ್ರಾಂಶದ ವಿನ್ಯಾಸಕ್ಕೆ ಅದೇ ಆಧಾರ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ಪರದೇಶದಲ್ಲಿದ್ದ ಎಷ್ಟೋ ಕನ್ನಡದ ಮನೆಗಳು ಊರಿಗೆ ಮೊದಲ ಕನ್ನಡ ಪತ್ರವನ್ನು ಕಂಪ್ಯೂಟರಿನಲ್ಲಿ ಬರೆದದ್ದು ಅದರಿಂದ. ಇತ್ತೀಚಿನ ಮಾತು ಹೇಳುವುದಾದರೆ, ಅಕ್ಷರ ವಿನ್ಯಾಸಗಾರ್ತಿ ವೈಷ್ಣವಿ ಮೂರ್ತಿ ಮತ್ತು ಲಿಪಿತಜ್ಞ ವಿನೋದ್ ರಾಜನ್ ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಕೇಳಿ ವರುಷಗಟ್ಟಲೆ ದುಡಿದು ಪ್ರಸ್ತಾವ ಸಿದ್ಧಪಡಿಸಿದರು. ತಾಳೆಗರಿಗಳಲ್ಲಿ ಮಲಗಿದ್ದ ಆ ಲಿಪಿ 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡಿನ 16ನೇ ಆವೃತ್ತಿಯಲ್ಲಿ ಸೇರಿತು. ಅಕ್ಷರವೊಂದು ಯಾವ ಗುಡಿಸಿಗೆ ಹೇಗೆ ಬಾಗುತ್ತದೆ, ಯಾವ ಒತ್ತಿನೊಡನೆ ಹೇಗೆ ಕೂಡುತ್ತದೆ ಎಂದು ನೂರಾರು ಸಲ ಬರೆದು ನೋಡಿದವರಿಗೆ ಮಾತ್ರ ಇಂಥ ಕೆಲಸ ಸಾಧ್ಯ.

ಇವರೆಲ್ಲ ದೊಡ್ಡವರು ಎಂದು ಕೈಮುಗಿದು ದೂರ ನಿಲ್ಲಬೇಕಾಗಿಲ್ಲ. ಅಮೆರಿಕದ ವಿನ್ಯಾಸಗಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಕರೆಯ ಮೇಲೆ ಬಂದು ದೇಶ ಸುತ್ತಿ 1958ರಲ್ಲಿ ಒಂದು ವರದಿ ಬರೆದರು. ಅವರು ತುಂಬ ಮೆಚ್ಚಿಕೊಂಡ ವಸ್ತು ಯಾವುದು ಗೊತ್ತೇ? ತಂಬಿಗೆ! ಎಷ್ಟು ನೀರು ಹಿಡಿಯಬೇಕು, ಹೆಣ್ಣುಮಕ್ಕಳ ಕೈಗೆ ಹೇಗೆ ಒಗ್ಗಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದರೆ ನೀರು ಹೇಗೆ ಬೀಳಬೇಕು ಎಂದೆಲ್ಲ ಅವರು ಅದರ ಮುಂದೆ ಪ್ರಶ್ನೆ ಇಟ್ಟರು. ತಲೆಮಾರುಗಳ ಅನುಭವ ಅದಕ್ಕೆ ಉತ್ತರ ಕೊಟ್ಟಿತ್ತು. ಆ ವರದಿಯ ಮೇಲೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ದೇಶದ ಮೊದಲ ವಿನ್ಯಾಸ ಶಾಲೆಯ ಬುನಾದಿಯಲ್ಲಿ ಒಂದು ತಂಬಿಗೆ ಇದೆ ಎಂದರೆ ತಪ್ಪಾಗದು.

ಮಕ್ಕಳಿಗೂ ಹಿರಿಯರಿಗೂ

ಈ ದಾರಿ ಹಿಡಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಬಾಗಿಲುಗಳು ಹಲವಿವೆ. ಧಾರವಾಡದಲ್ಲಿ ಹಾಲಭಾವಿಯವರ ಹೆಸರಿನ ಚಿತ್ರಕಲಾ ಶಾಲೆ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು, ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇವೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದರದ್ದೇ ಪ್ರವೇಶ ಪರೀಕ್ಷೆ. ಐಐಟಿಗಳ ವಿನ್ಯಾಸ ಪದವಿಗೆ 2015ರಿಂದ 'ಯುಸೀಡ್' ಎಂಬ ಪರೀಕ್ಷೆ ನಡೆಯುತ್ತಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರೇ ಆಗಬೇಕೆಂದಿಲ್ಲ, ಕಲಾ ಮತ್ತು ವಾಣಿಜ್ಯ ವಿಭಾಗದವರೂ ಇವನ್ನು ಬರೆಯಬಹುದು. ವಿನ್ಯಾಸ ಶಾಲೆಯ ಸಂದರ್ಶನಕ್ಕೆ ಹೋದಾಗಲೂ, ಮುಂದೆ ಹೊಸ ಗಿರಾಕಿ ಬಂದಾಗಲೂ ಕೇಳುವ ಪ್ರಶ್ನೆ ಒಂದೇ: ನೀವಾಗಿಯೇ ಮಾಡಿದ್ದು ಏನಿದೆ, ತೋರಿಸಿ. ಆಗ ಬಿಚ್ಚಿ ತೋರಿಸಲು ಕಸೂತಿಯ ಚೌಕಳಿ ಪುಸ್ತಕ ಬೇಕು. ಅಂಕಪಟ್ಟಿ ಅಲ್ಲಿ ಅರ್ಧ ಉತ್ತರ ಮಾತ್ರ.

ಆದರೆ ಸ್ವಂತದ ಕೆಲಸಕ್ಕೂ ಕೆಲವು ಕಟ್ಟಳೆ ಇರಬೇಕು. ಅದು ಚಿಕ್ಕದಿರಬೇಕು. "ಕನ್ನಡದ ಅಕ್ಷರಗಳನ್ನೆಲ್ಲ ಹೊಸದಾಗಿ ಮಾಡುತ್ತೇನೆ" ಎಂದು ಹೊರಟವರು ಅ ಆ ಮುಗಿಸುವಷ್ಟರಲ್ಲಿ ಸುಸ್ತಾಗುತ್ತಾರೆ. ಹತ್ತು ಫಲಕದ ಸಂಗ್ರಹ, ಹನ್ನೆರಡು ಕಸೂತಿಯ ನಮೂನೆ, ಊರ ಬಸ್ಸು-ರೈಲುಗಳ ವೇಳೆಯನ್ನು ಅಜ್ಜಂದಿರಿಗೂ ಓದಲು ಬರುವಂತೆ ಬರೆದ ಒಂದು ಹಾಳೆ, ಇಷ್ಟು ಸಾಕು. ಅದು ಮುಗಿಯಬೇಕು. ಅರ್ಧಕ್ಕೆ ನಿಂತ ಇಪ್ಪತ್ತು ಕೆಲಸಕ್ಕಿಂತ ಮುಗಿದ ಒಂದು ಹೆಚ್ಚು ಕಲಿಸುತ್ತದೆ. ಮತ್ತು ಅದು ಗಿರಾಕಿಯ ಗಡುವನ್ನು ತಿನ್ನಬಾರದು. ಒಪ್ಪಿಕೊಂಡ ಲಗ್ನಪತ್ರಿಕೆ ತಡವಾಗಿ, ಕಸೂತಿ ಚೆನ್ನಾಗಿ ಬಂತು ಎಂದರೆ ಆ ಮನೆಯವರು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು.

ಇನ್ನು ತಂದೆಯ ಪ್ರಶ್ನೆ ಉಳಿಯಿತು. ದುಡ್ಡು ಬಾರದ ಕೆಲಸಕ್ಕೆ ದೀಪ ಏಕೆ ಉರಿಸಬೇಕು? ಇದಕ್ಕೆ ರೈತರ ಮನೆಯ ಮಗಳು ರೈತರ ಮಾತಿನಲ್ಲೇ ಉತ್ತರ ಕೊಡಬಲ್ಲಳು. ಕಂಪನಿಯ ಬೀಜ ಬರುವುದಕ್ಕೆ ಮುಂಚೆ ಈ ಭಾಗದ ಮನೆಗಳಲ್ಲಿ ಒಳ್ಳೆಯ ತೆನೆ ಆರಿಸಿ, ಒಣಗಿಸಿ, ಬೂದಿ ಬೆರೆಸಿ ಬೀಜದ ಜೋಳವನ್ನು ಬೇರೆಯಾಗಿ ಇಡುತ್ತಿದ್ದರು. ಬರ ಬಂದು ಹಗೇವು ಬರಿದಾದರೂ, ಪಕ್ಕದ ಮನೆಯಿಂದ ಕಡ ತಂದರೂ, ಆ ಗಡಿಗೆಗೆ ಕೈ ಹಾಕುತ್ತಿರಲಿಲ್ಲ. ತಿಂದುಬಿಟ್ಟರೆ ಇಂದಿನ ಹೊಟ್ಟೆ ತುಂಬುತ್ತಿತ್ತು, ಬರುವ ವರ್ಷ ಹೊಲ ಬೀಳು ಬೀಳುತ್ತಿತ್ತು.

"ಬೀಜಕ್ಕ ಇಟ್ಟ ಜ್ವಾಳ ನಮ್ಮ ಮುತ್ಯಾ ಎಂದರ ಬೀಸಿ ತಿಂದಿದ್ನೇನಪ್ಪಾ?" ಎಂದು ಅವಳು ಕೇಳಿದರೆ ಆ ತಂದೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಹಗಲಿನ ದುಡಿಮೆ ಉಣ್ಣುವ ಜೋಳ. ರಾತ್ರಿಯ ಒಂದು ಗಂಟೆ ಬಿತ್ತುವ ಜೋಳ. ಎಲ್ಲ ಕಾಳೂ ಮೊಳೆಯುವುದಿಲ್ಲ ಎಂಬುದು ರೈತನಿಗೆ ಗೊತ್ತು. ಹಾಗೆಂದು ಬಿತ್ತದೆ ಇರುವ ರೈತನಿಲ್ಲ.

ಆದ್ದರಿಂದ ಮಕ್ಕಳ ಕೋಣೆಯಲ್ಲಿ ತಡರಾತ್ರಿ ದೀಪ ಕಂಡರೆ ಬೈಯುವ ಮುನ್ನ ಒಂದು ನಿಮಿಷ ಒಳಗೆ ಹೋಗಿ ನೋಡುವುದು ಒಳ್ಳೆಯದು. ಆಟದಲ್ಲಿ ಹೊತ್ತು ಕಳೆಯುತ್ತಿದ್ದರೆ ದೀಪ ಆರಿಸಿ ಮಲಗಿಸಿ. ಏನನ್ನಾದರೂ ಮಾಡುತ್ತಿದ್ದರೆ, ಏನು ಮಾಡುತ್ತಿದ್ದೀ ಎಂದು ಕೇಳಿ ಪಕ್ಕದಲ್ಲಿ ಕುಳಿತುಕೊಳ್ಳಿ. ಸೊಂಡಿಲಿಗೆ ಎಷ್ಟು ಎಳೆ ಎಂದು ಅಜ್ಜಿಯನ್ನೂ ಕರೆಯಿರಿ. ಲೆಕ್ಕ ತಪ್ಪಿದ್ದರೆ ಅವರೇ ತಿದ್ದಿಕೊಡುತ್ತಾರೆ.